ಎಡಗಡೆಯ ಖಾಲಿ ಸಾಲು

ಮಕ್ತಲ್‌ನ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಪ್ರತಿ ಹೊಸ ತರಗತಿಗೂ ಮೊದಲ ವಾರದಲ್ಲಿ ಒಂದು ಮಾತು ಹೇಳಲೇಬೇಕು: ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ, ಒಂದರಿಂದಲ್ಲ. ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಯಾರಾದರೂ ಒಂದು ಚಟಾಕಿ ಹಾರಿಸಿಯೇ ಹಾರಿಸುತ್ತಾರೆ. 'ಹಂಗಾದ್ರ ನಮ್ಮ ಮನ್ಯಾಗ ನಾ ಸೊನ್ನೆನೇ ಮಗ ಮೇಡಂ' ಎಂದ ಈ ಸಲ ಒಬ್ಬ. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಎಲ್ಲಿತ್ತೋ ಸಿಟ್ಟು, ಗಂಟೆ ಹೊಡೆಯುವ ತನಕ ಅವನನ್ನು ನಿಲ್ಲಿಸಿಬಿಟ್ಟೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ನನ್ನನ್ನೇ ಬೈದುಕೊಂಡೆ.

ಆ ಹುಡುಗನದೇನೂ ತಪ್ಪಿರಲಿಲ್ಲ. ಸೊನ್ನೆಯ ವಿಷಯದಲ್ಲಿ ಯಾರಾದರೂ ನಕ್ಕರೆ ನನಗೆ ಸಹಿಸಲಾಗುವುದಿಲ್ಲ, ಅಷ್ಟೆ. ಅದೇ ಸೊನ್ನೆಯನ್ನು ಮರೆತು ನಾನು ಒಬ್ಬನ ಓದು ಹಾಳು ಮಾಡಿದೆ. ಹಾಳು ಮಾಡಿದವಳು ನಾನೇ ಎಂದು ಒಂದು ಮಾತು ಹೇಳಬಹುದಿತ್ತು. ಅದನ್ನೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬೇರೆ ಎಲ್ಲದಕ್ಕೂ ಬಾಯಿಬಡುಕಿ ಎಂದು ಹೆಸರಾದವಳು ನಾನು.

ಆಗ ನಾವು ಗಡಿಯಾಚೆ ತೆಲುಗು ಸೀಮೆಯ ಗದ್ವಾಲ್‌ನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆವು. ಯೂನಿವರ್ಸಿಟಿಗೆ ಸೇರಿದ ಸಣ್ಣ ಕಾಲೇಜು. ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರ್, ಅವುಗಳಲ್ಲಿ ಬದುಕಿದ್ದವು ಹದಿಮೂರು. ಪಾಠ ತೆಲುಗಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ, ಹರಟೆ ಮಾತ್ರ ನಮ್ಮ ಕನ್ನಡದಲ್ಲಿ. ಕನ್ನಡ ಮನೆಮಾತಿನವರು ನಾಲ್ಕೇ ಜನ ಇದ್ದದ್ದರಿಂದ ತಾವಾಗಿಯೇ ಒಂದು ಬೆಂಚಿಗೆ ಬಂದು ಬಿದ್ದಿದ್ದೆವು. ನಮ್ಮಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಬಸ್ಸಿನ ಬೋರ್ಡಿನ ಮೇಲಿರುವ ಊರೇ ನಮ್ಮ ಹೆಸರು. ನಾರಾಯಣಪೇಟೆಯವಳಾದ ನಾನು ಪೇಟೆ. ಅಜ್ಜನ ಕಾಲಕ್ಕೆ ರಾಯಚೂರು ಕಡೆಯಿಂದ ಬಂದು ಕಿರಾಣಿ ಅಂಗಡಿ ಇಟ್ಟವರ ಮೊಮ್ಮಗ ಮಕ್ತಲ್. ಆಕಾಶದ ಹುಚ್ಚು ಹಿಡಿದಿದ್ದ ರೈತರ ಹುಡುಗಿ ಮಲ್ದಕಲ್. ಕಾಲೇಜಿದ್ದ ಊರಿನವನೇ ಆದ ನೇಕಾರರ ಮಗ ಗದ್ವಾಲ್. ನಾನು ಹೇಳಹೊರಟದ್ದು ಈ ಕೊನೆಯವನ ಕತೆ.

ಕಾಲೇಜಿನಲ್ಲಿ ದಿನಕ್ಕೆ ಎರಡು ಸಲವಾದರೂ ಕರೆಂಟು ಹೋಗುತ್ತಿತ್ತು. ಹೋದ ಕೂಡಲೇ ನಾವು ನೀರಿನ ಟ್ಯಾಂಕಿನ ನೆರಳಿಗೆ ಓಡುತ್ತಿದ್ದೆವು. ಅಲ್ಲಿ ಮಿರ್ಚಿ ಭಜಿ ತಿನ್ನುತ್ತ ಜಗತ್ತಿನ ತಂತ್ರಜ್ಞಾನವನ್ನೆಲ್ಲ ನಾಲ್ಕೇ ಜನ ಸೇರಿ ಉದ್ಧಾರ ಮಾಡುತ್ತಿದ್ದೆವು.

'ಉಪಗ್ರಹ ಯಾಕ ಬೀಳಂಗಿಲ್ಲ?' ಎಂದು ಮಕ್ತಲ್ ಶುರು ಮಾಡುತ್ತಿದ್ದ.

'ಬೀಳಾಕತ್ತೇ ಐತೋ' ಎಂದು ಮಲ್ದಕಲ್ ಮೇಷ್ಟ್ರ ಥರ ಬೆರಳೆತ್ತಿ ಹೇಳುತ್ತಿದ್ದಳು. 'ಮುಂದಕ್ಕ ಅಷ್ಟು ಜೋರ ಓಡ್ತತಿ, ಬೀಳಾಕ ಹೋದಾಗೆಲ್ಲ ಭೂಮಿ ತಪ್ಪಿ ಹೋಗ್ತತಿ.'

'ಥೇಟ್ ನನ್ನ ಮ್ಯಾಥ್ಸ್ ಪೇಪರ್. ಮೂರು ಸೆಮಿಸ್ಟರ್ ಆತು, ಸುತ್ತಾಕತ್ತೈತಿ. ಇನ್ನೂ ಇಳಿವಲ್ದು' ಎನ್ನುತ್ತಿದ್ದ ಮಕ್ತಲ್.

'ಚಂದ್ರನ ಮ್ಯಾಲೆ ಮೊಬೈಲ್ ಟವರ್ ಹಾಕ್ತಾರಂತ' ಎಂದಳು ಅವಳು ಇನ್ನೊಂದು ದಿನ.

'ಚಲೋ ಆತಲ್ಲ. ನಿಮ್ಮೂರಾಗ ಒಂದ ಗೀಟು ಸಿಗ್ನಲ್ ಬೇಕಂದ್ರ ಗುಡಿ ಕಟ್ಟಿ ಹತ್ತಿ ನಿಂದ್ರಬೇಕು. ಇನ್ ಮ್ಯಾಲೆ ಚಂದ್ರನ ಮ್ಯಾಲೆ ಹೋಗಿ ಫೋನ್ ಮಾಡು' ಎಂದ ಮಕ್ತಲ್.

ಎಐ ಬಂದು ನಮ್ಮ ನೌಕರಿಗಳನ್ನೆಲ್ಲ ಕಸಿದುಕೊಳ್ಳುತ್ತದೆ ಎಂಬ ಸುದ್ದಿ ಬಂದಾಗ ನಾನು, 'ಮೊದಲ ನಮ್ಮ ನೌಕರಿ ಎಲ್ಲೈತಿ ಅಂತ ಹುಡುಕಾಕ ಹೇಳ್ರೆಪ್ಪ ಅದಕ್ಕ. ಸಿಕ್ರ ನನಗೂ ಒಂದ ಮಾತು ತಿಳಸ್ಲಿ' ಎಂದಿದ್ದೆ. ಆ ಮಾತು ಕಾಲೇಜೆಲ್ಲ ಸುತ್ತಿ, ತೆಲುಗಿಗೆ ತಿರುಗಿ, ವಾರದ ನಂತರ ನನ್ನ ಕಿವಿಗೇ ಬಂತು. ನನಗೆ ಅದರ ಹಮ್ಮು ಬಹಳ ಇತ್ತು. ಯಾರನ್ನಾದರೂ ಮಾತಿನಲ್ಲಿ ಕೆಡವಿದರೆ ಅಂದು ರಾತ್ರಿ ಹಾಸ್ಟೆಲಿನಲ್ಲಿ ಎರಡು ಚಪಾತಿ ಹೆಚ್ಚು ತಿನ್ನುತ್ತಿದ್ದೆ.

ನಮ್ಮ ನೇಕಾರರ ಹುಡುಗ ಹೆಚ್ಚು ಮಾತಾಡುತ್ತಿರಲಿಲ್ಲ. ಅವನನ್ನು ಮಾತಿಗೆಳೆಯಲು ನನಗಿದ್ದ ದಾರಿ ಸೀರೆ ಒಂದೇ. ನಮ್ಮ ಮನೆಯಲ್ಲೂ ಮಗ್ಗ ಇದೆ. ಅಮ್ಮ ಈಗಲೂ ನೇಯುತ್ತಾಳೆ.

'ನಿಮ್ಮ ಗದ್ವಾಲ್ ಸೀರಿದು ಮೈ ಹತ್ತಿ, ಅಂಚು ರೇಷ್ಮಿ. ಯಾರದೋ ಕಂಪ್ಯೂಟರಿಗೆ ಯಾರದೋ ಪೆನ್‌ಡ್ರೈವ್ ಹಚ್ಚಿದಂಗ ಐತಿ' ಎನ್ನುತ್ತಿದ್ದೆ.

'ನಿಮ್ಮ ಪೇಟೆ ಸೀರಿ ಬರೇ ಚೌಕಳಿ. ಉಟ್ಕೊಂಡು ನಿಂತ್ರ ಎಕ್ಸೆಲ್ ಶೀಟ್ ನಿಂತಂಗ' ಎಂದ ಅವನು ಒಮ್ಮೆ. ಮಕ್ತಲ್ ನಕ್ಕು ನಕ್ಕು ಭಜಿ ನೆತ್ತಿಗೇರಿ ಕೆಮ್ಮಿದ. ಅವತ್ತು ಚಪಾತಿ ಎರಡು ಕಡಿಮೆ ತಿಂದೆ.

ಇನ್ನೊಂದು ದಿನ ಅವನಾಗಿಯೇ ಒಂದು ಪ್ರಶ್ನೆ ಕೇಳಿದ. ಬಾಹ್ಯಾಕಾಶ ನಿಲ್ದಾಣದಲ್ಲಿ ಏನೇನು ಮಾಡಬಹುದು ಎಂದು ಮಲ್ದಕಲ್ ಹೇಳುತ್ತಿದ್ದಳು: ಸೊಪ್ಪು ಬೆಳೆಯುತ್ತಾರಂತೆ, ಇಲಿ ಸಾಕುತ್ತಾರಂತೆ.

'ಅಲ್ಲಿ ಮಗ್ಗ ನಡೀತತೇನ?' ಎಂದ ಅವನು.

ನಾನು ಕಾಯುತ್ತಲೇ ಇದ್ದವಳಂತೆ, 'ನಡೀತತಿ, ಯಾಕ ನಡಿಯಂಗಿಲ್ಲ? ನಿಮ್ಮವ್ವನ್ನ ರಾಕೆಟ್ಟಿನಾಗ ಕಳಿಸು. ಸೆರಗು ಮಂಗಳದ ತನಕ ನೇದು ಬಿಡ್ತಾಳ' ಎಂದೆ. ಮೂವರೂ ನಕ್ಕೆವು. ಅವನೂ ನಕ್ಕ. ನಗು ನಿಂತ ಮೇಲೆ ಮೆಲ್ಲಗೆ ಹೇಳಿದ: 'ನಡಿಯಂಗಿಲ್ಲ. ಕಾರ್ಡು ಎಳಿ ಎತ್ತತಿ. ಎತ್ತಿದ್ದನ್ನ ಕೆಳಗ ತರೋದು ಭಾರ. ಭಾರಽ ಇಲ್ಲದ ಕಡಿ ಎದ್ದ ಎಳಿ ಮ್ಯಾಲೇ ಉಳೀತತಿ.'

ಮಗ್ಗ ನೋಡದವರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಅಂಚಿನ ಹೂಬಳ್ಳಿ ನೇಯುವ ಮಗ್ಗದ ನೆತ್ತಿಯ ಮೇಲೆ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ ಇರುತ್ತದೆ. ಕಾರ್ಡಿನಲ್ಲಿ ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ಎದ್ದ ಎಳೆಯನ್ನು ಮತ್ತೆ ಕೆಳಗೆಳೆಯಲು ಒಂದೊಂದಕ್ಕೂ ಒಂದೊಂದು ಕಬ್ಬಿಣದ ಕಡ್ಡಿ ಜೋತು ಬಿದ್ದಿರುತ್ತದೆ. ಮಗ್ಗದ ಮನೆಯಲ್ಲೇ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಅದಕ್ಕಾಗಿ ಅವನ ಮೇಲೆ ಅಸೂಯೆ ಪಟ್ಟೆ. ಮಾತಿನಲ್ಲಿ ನಾನು ಗೆದ್ದೆ, ವಿಷಯದಲ್ಲಿ ಅವನು ಗೆದ್ದ, ಮತ್ತು ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಚಂದ್ರನ ಮೇಲೆ ನೌಕೆ ಇಳಿದ ಸಂಜೆ ಲ್ಯಾಬಿನಲ್ಲಿ ಎಲ್ಲರೂ ಒಂದೇ ಪರದೆಯ ಮುಂದೆ ಕಿಕ್ಕಿರಿದಿದ್ದೆವು. ಇನ್ನೇನು ಇಳಿಯಬೇಕು, ಆಗಲೇ ನೆಟ್ ನಿಂತು ಪರದೆಯ ಮೇಲೆ ಗಾಲಿ ತಿರುಗತೊಡಗಿತು. ಮತ್ತೆ ಚಿತ್ರ ಬಂದಾಗ ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆ ಒಂದು ಕ್ಷಣ ತಪ್ಪಿಹೋಯಿತೆಂದು ಮಲ್ದಕಲ್ ಅತ್ತೇಬಿಟ್ಟಳು. ಮಕ್ತಲ್ ಅವಳಿಗೆ, 'ಅಳಬ್ಯಾಡ, ಅದು ಎಲ್ಲಿ ಹೋಗ್ತತಿ, ಅಲ್ಲೇ ಇರ್ತತಿ' ಎನ್ನುತ್ತಿದ್ದ. ಹೊರಗೆ ಬಂದಾಗ ನೇಕಾರರ ಹುಡುಗ ನನ್ನ ಪಕ್ಕಕ್ಕೆ ಬಂದ.

'ಇಲ್ಲಿ ಕುಂತು ಅಷ್ಟು ದೂರದ್ದನ್ನ ಲೆಕ್ಕದ ಮ್ಯಾಲೆ ಇಳಿಸ್ತಾರ. ನಾವು ಒಂದು ಎಳಿ ಎತ್ತಾಕ ಆಗಂಗಿಲ್ಲೇನು ಪೇಟೆ?'

ಅವನ ಮನಸ್ಸಿನಲ್ಲಿ ಇದ್ದದ್ದು ಇದು. ಅವರ ಓಣಿಯಲ್ಲಿ ಅಂಚಿನ ನಕ್ಷೆ ನೋಡಿ ಕಾರ್ಡು ಕೊರೆಯುತ್ತಿದ್ದ ಮುದುಕ ಹಾಸಿಗೆ ಹಿಡಿದಿದ್ದ. ಹೊಸ ಅಂಚು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಚೌಕಳಿ ಹಾಳೆಯಲ್ಲಿ ಬಿಡಿಸಿದ ನಕ್ಷೆಯನ್ನು ಕಂಪ್ಯೂಟರ್ ಓದಬೇಕು, ಯಾವ ಕಾರ್ಡಿಗೆ ಎಲ್ಲೆಲ್ಲಿ ತೂತು ಎಂದು ಪಟ್ಟಿ ಮುದ್ರಿಸಿ ಕೊಡಬೇಕು. ಆ ಪಟ್ಟಿಯನ್ನು ಕಾರ್ಡಿಗೆ ಅಂಟಿಸಿ ಯಾರು ಬೇಕಾದರೂ ಕೊರೆಯಬಹುದು. ನಕ್ಷೆ ಅವನದು, ಪ್ರೋಗ್ರಾಂ ನನ್ನದು. ಅದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಬರೆದುಕೊಟ್ಟೆವು.

ಅವನ ಅಪ್ಪನನ್ನು ನೋಡಿದ್ದು ಆಗಲೇ. ತೆಳ್ಳಗಿನ, ನೆಟ್ಟಗಿನ ಮನುಷ್ಯ. ಬೈಯುತ್ತಿರಲಿಲ್ಲ, ಅದಕ್ಕೇ ಹೆಚ್ಚು ಭಯವಾಗುತ್ತಿತ್ತು. ಅವರ ಮನೆಯಲ್ಲಿ ಒಂದು ರಿವಾಜು ಇತ್ತು. ಬಟ್ಟೆಯಲ್ಲಿ ತಪ್ಪು ಕಂಡರೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ಕೈದೋ, ಲೆಕ್ಕದ್ದೋ?' ನೇಯುವವರ ಕೈ ತಪ್ಪಿದ್ದರೆ ಅವರು ಮಗ್ಗಕ್ಕೆ ಕೂತು ಕೈ ತಿದ್ದಿಕೊಳ್ಳಬೇಕು. ನಕ್ಷೆಯ ಲೆಕ್ಕ ತಪ್ಪಿದ್ದರೆ ಮಗ್ಗ ಬಿಟ್ಟು ಹಾಳೆಯ ಮುಂದೆ ಕೂರಬೇಕು. ಯಾರು ಏನು ಹೇಳುತ್ತಾರೋ ಅದನ್ನು ಅವರು ನಂಬುತ್ತಿದ್ದರು. ಎರಡನೆಯ ಸಲ ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಎಂಸಿಎ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂತು. ನನಗೂ ರ‍್ಯಾಂಕ್ ಬಂದಿತ್ತು. ಅವನದು ನನಗಿಂತ ಬಹಳ ಮೇಲಿತ್ತು, ಹೈದರಾಬಾದಿನ ಯೂನಿವರ್ಸಿಟಿಯಲ್ಲೇ ಸೀಟು ಸಿಗುವಷ್ಟು ಮೇಲೆ. ಅವನ ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೊನೆಗೆ ನನ್ನ ಎದುರಿಗೇ ಹೇಳಿದರು.

'ಒಂದು ಅಂಚು ತೆಗೀರಿ ನಿಮ್ಮ ಕಂಪ್ಯೂಟರಿನಾಗ. ಒಂದು ಸೀರಿ ನೇಯ್ರಿ. ಸಮ ಬಂತಂದ್ರ, ಓದಿನಾಗ ಏನೋ ಐತಿ ಅಂತ ತಿಳ್ಕೊಂಡು ಕಳಿಸ್ತೀನಿ. ಬರಲಿಲ್ಲ, ಮಗ್ಗ ಐತಿ.'

ಸರಳವಾದ ಕರಾರು. ಒಂದು ಸೀರೆಯ ಒಂದು ಅಂಚು ಸರಿ ಬಂದರೆ ಎಂಸಿಎ, ಇಲ್ಲವಾದರೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿ. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅವನನ್ನು ಅಷ್ಟು ಖುಷಿಯಲ್ಲಿ ನಾನು ಮತ್ತೆ ನೋಡಲಿಲ್ಲ.

ಅವನು ನಕ್ಷೆ ಬಿಡಿಸಿದ: ನಡುವೆ ಒಂದು ಬಳ್ಳಿ, ಅದರ ಎಲೆಗಳ ನಡುವೆ ಸಣ್ಣ ಸಣ್ಣ ಚಂದ್ರ. 'ಮಲ್ದಕಲ್ ತಪ್ಪಿಸಿಕೊಂಡ ಚಂದ್ರ' ಎಂದ. ಅದನ್ನು ನೋಡಿ ಮಲ್ದಕಲ್ ಎರಡು ದಿನ ಯಾರೊಂದಿಗೂ ಜಗಳ ಆಡಲಿಲ್ಲ. ನಾನು ಪ್ರೋಗ್ರಾಂ ಬರೆದೆ. ಶನಿವಾರ ಊರಿಗೆ ಹೋಗುವಾಗ ಬಸ್ಸಿನಲ್ಲೂ ಬರೆಯುತ್ತಿದ್ದೆ. ಜುರಾಲಾ ಅಣೆಕಟ್ಟಿನ ಮೇಲೆ ಬಸ್ಸು ದಾಟುವಾಗ ಫೋನಿನ ನಕ್ಷೆ ನಮ್ಮನ್ನು ಹೊಳೆಯ ನೀರಿನ ನಡುವೆ ತೋರಿಸುತ್ತಿತ್ತು. ಅದರ ಫೋಟೊ ತೆಗೆದು ಎಲ್ಲರಿಗೂ ಕಳಿಸಿ, 'ಮುಳುಗಿದೆ, ಪ್ರೋಗ್ರಾಂ ಮುಗಿಸಿ ಮುಳುಗಿದೆ' ಎಂದು ಬರೆದೆ. ಮುಗಿಸುವ ಅವಸರವೂ ಇತ್ತು, ನನಗೇನು ಕಡಿಮೆ ಎಂಬ ಧಿಮಾಕೂ ಇತ್ತು. 'ಒಮ್ಮೆ ಸಣ್ಣ ನಕ್ಷಿ ಹಾಕಿ ನೋಡೋಣು' ಎಂದು ಅವನು ಎರಡು ಸಲ ಹೇಳಿದ. 'ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ನೀನೇ ಬರಕೋ' ಎಂದು ಬಾಯಿ ಮುಚ್ಚಿಸಿದೆ.

ಪಟ್ಟಿಗಳು ಮುದ್ರಣವಾದವು. ನಾಲ್ವರೂ ಅವರ ಮನೆಯ ಪಡಸಾಲೆಯಲ್ಲಿ ಕೂತು ಕಾರ್ಡು ಕೊರೆದೆವು. ಮಕ್ತಲ್ ತನ್ನ ಬೆರಳನ್ನೂ ಒಂದೆರಡು ಕಡೆ ಕೊರೆದುಕೊಂಡ. ನೇಕಾರರ ಹುಡುಗ ಮಗ್ಗಕ್ಕೆ ಕೂತ, ಅವನ ಅವ್ವ ಪಕ್ಕದಲ್ಲಿ ಕೂತಳು. ಅಂಚಿನ ರೇಷ್ಮೆ, ಮೈಯ ಹತ್ತಿ ಎರಡನ್ನೂ ಕೂಡಿಸಲು ಅವರಲ್ಲಿ ಇಬ್ಬರು ಬೇಕು. ಹತ್ತು ದಿನಗಳಲ್ಲಿ ಸೀರೆ ಮುಗಿಯಿತು. ಅದನ್ನು ಮಗ್ಗದಿಂದ ಇಳಿಸುವ ದಿನ ನಾನು ಹೋಗಿದ್ದೆ. ಉಳಿದಿಬ್ಬರಿಗೆ ಅವತ್ತು ಬೇರೆ ವಿಷಯದ ಪರೀಕ್ಷೆಯಿತ್ತು.

ಮಗ್ಗದ ಮೇಲೆ ಬಿಗಿಯಾಗಿದ್ದಾಗ ಏನೂ ಕಂಡಿರಲಿಲ್ಲ. ಅಪ್ಪ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅಂಚನ್ನೂ ಮೈಯನ್ನೂ ಹಿಡಿದು ಸ್ವಲ್ಪ ಜಗ್ಗಿದರು. ಕೂಡಿದ ಜಾಗದಲ್ಲಿ ಸೀರೆಯ ಉದ್ದಕ್ಕೂ ಸಣ್ಣ ಬಿರುಕು ಬಾಯಿ ಬಿಟ್ಟಿತು. ಬೆಳಕು ಆಚೆಯಿಂದ ಈಚೆಗೆ ಬಂತು. ಬಳ್ಳಿ, ಎಲೆ, ಚಂದ್ರ ಎಲ್ಲ ಸರಿಯಾಗಿದ್ದವು. ಅಂಚಿನ ಕೊನೆಯ ಒಂದು ಎಳೆ ಮಾತ್ರ ಆ ಇಡೀ ಸೀರೆಯಲ್ಲಿ ಒಮ್ಮೆಯೂ ಮೇಲೆದ್ದಿರಲಿಲ್ಲ. ನೇಯ್ಗೆಗೆ ಸಿಗದೆ ಕೆಳಗೇ ಮಲಗಿಬಿಟ್ಟಿತ್ತು.

ನನಗೆ ತಕ್ಷಣ ಗೊತ್ತಾಯಿತು. ಪ್ರೋಗ್ರಾಂ ನಕ್ಷೆಯ ನಿಲುವು ಸಾಲುಗಳನ್ನು, ಎಳೆಗೊಂದು ಸಾಲಿನಂತೆ, ಎಡದಿಂದ ಸೊನ್ನೆ ಹಿಡಿದು ಎಣಿಸಿದೆ, ಮಗ್ಗ ಒಂದರಿಂದ ಎಣಿಸುತ್ತದೆ. ಎರಡರ ನಡುವೆ ಒಂದನ್ನು ಕೂಡಿಸಬೇಕಿತ್ತು, ನಾನು ಮರೆತಿದ್ದೆ. ಸೊನ್ನೆಯ ಸಾಲಿಗೆ ಮಗ್ಗದಲ್ಲಿ ಜಾಗವಿಲ್ಲದೆ ಅದು ಬಿದ್ದುಹೋಯಿತು. ಉಳಿದದ್ದೆಲ್ಲ ಒಂದೊಂದು ಎಳೆ ಎಡಕ್ಕೆ ಸರಿಯಿತು. ಮೈಗೆ ಅಂಟಿಕೊಂಡ ಕೊನೆಯ ಎಳೆಗೆ ಒಂದು ತೂತೂ ಉಳಿಯಲಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಕಡೆ 'ಕೂಡು ಒಂದು' ಎಂದು ಬರೆದಿದ್ದರೆ ಮುಗಿಯುತ್ತಿತ್ತು.

ಅಪ್ಪ ತಲೆ ಎತ್ತಿ ಮಗನನ್ನು ಕೇಳಿದರು.

'ಕೈದೋ, ಲೆಕ್ಕದ್ದೋ?'

ಅವನು ನನ್ನ ಕಡೆ ನೋಡಿದ. ಒಂದೇ ಸಲ. ಅದು ಆರೋಪವಾಗಿರಲಿಲ್ಲ, ನಾನೇನಾದರೂ ಹೇಳುತ್ತೇನೋ ಎಂದು ನೋಡಿದ್ದು. ಅವನ ಅವ್ವ ಬಾಗಿಲಲ್ಲಿ ನಿಂತಿದ್ದಳು. ಕಂಪ್ಯೂಟರ್ ಓದಿದವಳು, ಮಗ್ಗದ ಮನೆಯವಳು, ಎರಡರಲ್ಲಿ ಒಂದೂ ಬರುವುದಿಲ್ಲ ಎಂದು ಈ ಮನುಷ್ಯನ ಮುಂದೆ ಒಪ್ಪಿಕೊಳ್ಳಬೇಕಲ್ಲ ಎಂದು ಅವಮಾನವಾಯಿತು. ಅದರ ಕೆಳಗೆ ಇನ್ನೊಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಅವನ ರ‍್ಯಾಂಕ್ ನನಗಿಂತ ಮೇಲಿತ್ತು.

ನಾನು ನೆಲ ನೋಡಿದೆ.

'ಕೈದಪ್ಪ' ಎಂದ ಅವನು. 'ಹಣಿಗಿ ಹಲ್ಲಿನಾಗ ಎಳಿ ಪೋಣಸುವಾಗ ತಪ್ಪೀನಿ.'

ಅಪ್ಪ ಸೀರೆಯನ್ನು ಮಡಚಿದರು. 'ಹಂಗಾದ್ರ ಮಗ್ಗಕ್ಕ ಕುಂದ್ರು' ಎಂದರು. ಎರಡನೆಯ ಸಲ ಕೇಳಲಿಲ್ಲ.

ಅವತ್ತು ಹೇಳಲಿಲ್ಲ, ಸರಿ. ಮರುದಿನ ಹೇಳಬಹುದಿತ್ತು, ಮರುವಾರ ಹೇಳಬಹುದಿತ್ತು. ಎಂಸಿಎ ಸೀಟಿಗೆ ಕಾಗದಪತ್ರ ಕೊಡಲು ಇನ್ನೂ ಇಪ್ಪತ್ತು ದಿನ ಇದ್ದವು. ಪ್ರತಿ ಶನಿವಾರ ಮಕ್ತಲ್‌ನಲ್ಲಿ ಬಸ್ಸು ಬದಲಿಸುವಾಗ, ಸೋಮವಾರ ಹೋಗಿ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಉಟ್ಕೂರ್ ದಾಟುವಷ್ಟರಲ್ಲಿ, ಅವನೇ ಹೇಳಿಲ್ಲವಲ್ಲ, ನಡುವೆ ನಾನೇಕೆ ತಲೆ ಹಾಕಲಿ ಎಂಬ ನೆಪ ಸಿಕ್ಕಿರುತ್ತಿತ್ತು. ಮನೆಗೆ ಹೋಗಿ ಅಮ್ಮನ ಮಗ್ಗದ ಸದ್ದು ಕೇಳಿದರೆ ಊಟ ಇಳಿಯುತ್ತಿರಲಿಲ್ಲ. ಹೊಟ್ಟೆನೋವು ಎನ್ನುತ್ತಿದ್ದೆ. ಅಮ್ಮ ಓಂಕಾಳಿನ ನೀರು ಕುಡಿಸುತ್ತಿದ್ದಳು.

ಇದಕ್ಕಿಂತ ಹೇಸಿಗೆಯದು ಟ್ಯಾಂಕಿನ ನೆರಳಿನಲ್ಲಿ ನಡೆಯಿತು. ಕೊನೆಯ ಪರೀಕ್ಷೆ ಮುಗಿದ ದಿನ ನಾಲ್ವರೂ ಕೂತಿದ್ದೆವು. ಅಳತೆಯ ಲೆಕ್ಕ ತಪ್ಪಿ ಮಂಗಳಕ್ಕೆ ಹೋದ ಯಾವುದೋ ನೌಕೆ ಹಾಳಾಗಿತ್ತು ಎಂದು ಮಲ್ದಕಲ್ ಎಲ್ಲೋ ಓದಿದ್ದನ್ನು ಹೇಳಿದಳು. ಆಮೇಲೆ ಸೀರೆಯ ವಿಷಯ ಬಂತು.

'ಅದೇನಾಗಿತ್ತು ಅಂತೀನಿ? ಯಾರು ತಪ್ಪಿದ್ದು?' ಎಂದ ಮಕ್ತಲ್.

'ನಾನಽ' ಎಂದ ಅವನು.

ಎಲ್ಲರೂ ಸುಮ್ಮನಾದರು. ಆ ಸುಮ್ಮನಿರುವಿಕೆ ನನ್ನನ್ನು ಸುಡತೊಡಗಿತು. ಅದನ್ನು ಮುರಿಯಲು ನನಗೆ ಗೊತ್ತಿದ್ದುದು ಒಂದೇ ವಿದ್ಯೆ.

'ಪುಣ್ಯಕ್ಕ ಇವನ್ನ ರಾಕೆಟ್ ಕಟ್ಟಾಕ ಕರೀಲಿಲ್ಲ' ಎಂದೆ. 'ಅರ್ಧ ದಾರ್‍ಯಾಗ ಬಾಲ ಬ್ಯಾರೆ ಮೂತಿ ಬ್ಯಾರೆ ಮಾಡಿ ಕಳಿಸ್ತಿದ್ದ.'

ಮಕ್ತಲ್ ಹೋ ಎಂದು ನಕ್ಕ. ಮಲ್ದಕಲ್ ಕೂಡ ನಕ್ಕಳು. ಅವನು ಭಜಿಯ ಕಾಗದವನ್ನು ಮಡಚುತ್ತ ಮಡಚುತ್ತ ಉಗುರಿನಷ್ಟು ಮಾಡಿದ. 'ಹೌದು ಬಿಡು' ಎಂದ. ಅದೇ ನಮ್ಮ ಕೊನೆಯ ಹರಟೆ.

ನಾನು ಎಂಸಿಎ ಓದಿದೆ. ಮಲ್ದಕಲ್ ಬಿಎಡ್ ಮಾಡಿ ಮಾನೋಪಾಡಿನ ಕಡೆ ಶಾಲೆಯಲ್ಲಿದ್ದಾಳೆ, ಮಕ್ಕಳಿಗೆ ಗ್ರಹಣ ತೋರಿಸುತ್ತಾಳೆ. ಮಕ್ತಲ್ ಅಂಗಡಿಯಲ್ಲೇ ಕೂತ. ಅವನ ಮ್ಯಾಥ್ಸ್ ಕೊನೆಗೂ ಇಳಿಯಿತು. ನಾಲ್ವರ ವಾಟ್ಸಾಪ್ ಗುಂಪು ಇನ್ನೂ ಇದೆ. ಹಬ್ಬಕ್ಕೆ ದೀಪದ ಚಿತ್ರಗಳು ಬರುತ್ತವೆ. ನೇಕಾರರ ಹುಡುಗ ಯಾವಾಗಲೂ ಎರಡು ಕೈ ಮುಗಿದ ಚಿತ್ರ ಹಾಕುತ್ತಾನೆ, ಮಾತು ಬರೆಯುವುದಿಲ್ಲ.

ಹೋದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಗದ್ವಾಲ್‌ಗೆ ಹಾಕಿದರು. ಮೂರು ವರ್ಷದಿಂದ ಆ ಊರನ್ನು ತಪ್ಪಿಸಿಕೊಂಡು ತಿರುಗಿದ್ದೆ. ಮಧ್ಯಾಹ್ನ ಕೆಲಸ ಮುಗಿಯಿತು, ನಾಲ್ಕು ಗಂಟೆಗೆ ಬಸ್ಸು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂತೆ. ಆಮೇಲೆ ಎದ್ದು ಅವರ ಓಣಿಗೆ ಹೋದೆ. ಧೈರ್ಯ ಬಂದು ಹೋದದ್ದಲ್ಲ, ಕೂತಿರಲು ಆಗಲಿಲ್ಲ.

ಅವನು ಮಗ್ಗದ ಗುಂಡಿಯಲ್ಲಿದ್ದ. ಮೈ ಸ್ವಲ್ಪ ತುಂಬಿತ್ತು. ನನ್ನನ್ನು ಕಂಡು ಕಾಲು ನಿಲ್ಲಿಸಿ, 'ಅಪ್ಪಾ, ಪೇಟೆ ಬಂದೈತಿ ನೋಡು' ಎಂದ, ನಿನ್ನೆಯಷ್ಟೇ ನೋಡಿದವನಂತೆ. ಅಪ್ಪನ ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಅವ್ವ ಚಹಾ ತಂದಳು, 'ಎಷ್ಟು ಸೊರಗೀಯವ್ವ' ಎಂದಳು.

ಅಪ್ಪ ಹಿಂದಿನ ಹಾಗೆ ಬಿಗಿಯಾಗಿರಲಿಲ್ಲ. ಮೂಲೆಯ ಪೆಟ್ಟಿಗೆ ಎಳೆದು ನಕ್ಷೆಯ ಹಾಳೆಗಳನ್ನು ಒಂದೊಂದಾಗಿ ನನ್ನ ಮುಂದೆ ಹರಡಿದರು. ಮಾವಿನಕಾಯಿ, ಹಂಸ, ಕೋಟೆಯ ತೆನೆ.

'ನೀವು ಮಾಡಿದ ಆ ಕಂಪ್ಯೂಟರಿನಾಗೇ ಎಲ್ಲಾ ಕಾರ್ಡು ತೆಗೀತಾನವ್ವ. ಈ ಓಣ್ಯಾಗ ಆರೇಳು ಮನಿಗೆ ಇವನ ಕಾರ್ಡಽ. ಒಂದೂ ತಪ್ಪಂಗಿಲ್ಲ.'

ತಪ್ಪುವುದಿಲ್ಲವೇ? ನನಗೆ ಅರ್ಥವಾಗಲಿಲ್ಲ. ಆ ಪ್ರೋಗ್ರಾಮನ್ನು ನಾನು ತಿದ್ದಿಯೇ ಇರಲಿಲ್ಲ. ತಿದ್ದುವುದಿರಲಿ, ತೆರೆದು ನೋಡುವ ಧೈರ್ಯವೂ ಆಗಿರಲಿಲ್ಲ. ಅವನಿಗೂ ತೆರೆಯಲು ಬರುತ್ತಿರಲಿಲ್ಲ: ಯಾರೂ ಕದಿಯಬಾರದೆಂದು ಧಿಮಾಕಿನಿಂದ ಅದಕ್ಕೆ ಪಾಸ್‌ವರ್ಡ್ ಹಾಕಿ ಬೀಗ ಜಡಿದು ಕೊಟ್ಟಿದ್ದೆ. ಹಾಳೆಗಳನ್ನು ಮತ್ತೆ ನೋಡಿದೆ. ಆಗ ಕಂಡಿತು. ಪ್ರತಿ ಹಾಳೆಯಲ್ಲೂ ಎಡಗಡೆ ಮೇಲಿನಿಂದ ಕೆಳಗಿನ ತನಕ ಒಂದು ಸಾಲು ಚೌಕಗಳನ್ನು ಖಾಲಿ ಬಿಟ್ಟಿದ್ದ. ನಕ್ಷೆ ಎರಡನೆಯ ಸಾಲಿನಿಂದ ಶುರುವಾಗುತ್ತಿತ್ತು. ನನ್ನ ಪ್ರೋಗ್ರಾಂ ಮೊದಲ ಸಾಲನ್ನು ನುಂಗುತ್ತದೆಂದು ತಿಳಿದು, ಅದಕ್ಕೆ ನುಂಗಲು ಒಂದು ಖಾಲಿ ಸಾಲನ್ನು ಮೊದಲೇ ಇಡುತ್ತಿದ್ದ.

'ಅದನ್ನ ಯಾಕ ಬಿಡ್ತಾನೋ ಯಾರಿಗೂ ತಿಳಿದಿಲ್ಲ' ಎಂದರು ಅಪ್ಪ, ನನ್ನ ಬೆರಳು ಎಲ್ಲಿ ನಿಂತಿದೆ ಎಂದು ನೋಡಿ. 'ಕೇಳಿದ್ರ, ಬಿಡಬೇಕಪ್ಪ ಅಂತಾನ. ಈಗ ಓಣ್ಯಾಗ ನಕ್ಷಿ ಬರಿಯೋರು ಎಲ್ಲಾರೂ ಬಿಡ್ತಾರ. ರಿವಾಜಾಗೈತಿ. ನೀ ಓದಿದಾಕಿ, ನಿನಗಾದ್ರೂ ಗೊತ್ತೈತೇನು?'

ಚಹಾದ ಲೋಟ ಕೆಳಗಿಟ್ಟೆ.

'ಅವತ್ತಿನ ಸೀರಿದು ಕೈದಲ್ಲರಿ' ಎಂದೆ. 'ಲೆಕ್ಕದ್ದು. ಲೆಕ್ಕ ನಂದು. ನನಗ ಅವತ್ತೇ ಗೊತ್ತಿತ್ತು.'

ಅಪ್ಪ ನನ್ನನ್ನು ಚೆನ್ನಾಗಿ ಕಾಣುವ ಕಣ್ಣಿನಿಂದ ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸಮ ಮಾಡಿ, ಪೆಟ್ಟಿಗೆಯಲ್ಲಿಟ್ಟರು.

'ಲೆಕ್ಕದ್ದು ಅಂದಿದ್ರ ಕಳಿಸ್ತಿದ್ದೆ' ಎಂದರು. 'ಲೆಕ್ಕ ತಪ್ಪಿದವರು ಓದಿ ತಿದ್ಕೋಬೇಕಲ್ಲ.'

ಆಮೇಲೆ ಎದ್ದು ಒಳಗೆ ಹೋದರು.

ನಾನು ಅಳುತ್ತಿದ್ದೆ. ಅಳುತ್ತಲೇ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಗುಂಡಿಯ ಪಕ್ಕ ಕೂತೆ. 'ಒಂದು ಸಾಲಿನ ಕೆಲಸ. ಪಾಸ್‌ವರ್ಡ್ ನನಗ ನೆನಪೈತಿ. ಪ್ರೋಗ್ರಾಂ ಇದಕ್ಕ ಹಾಕಿ ಕೊಡು, ಎರಡು ನಿಮಿಷದಾಗ ಸರಿ ಮಾಡ್ತೀನಿ' ಎಂದೆ. ಮೂರು ವರ್ಷದ ನಂತರ ನನ್ನಿಂದ ಆಗುವುದು ಅಷ್ಟೇ ಇತ್ತು. ಅಷ್ಟಾದರೂ ಆಗಲಿ ಎಂದು ಅವನ ಕೈ ನೋಡುತ್ತಿದ್ದೆ.

ಅವನು ತುಂಡಾದ ಒಂದು ಎಳೆಯನ್ನು ಹುಡುಕಿ, ಗಂಟು ಹಾಕಿ, ಬಾಲ ಕತ್ತರಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

'ಬ್ಯಾಡ ಪೇಟೆ. ಮೂರು ವರ್ಷದ ಹಾಳಿ ಅದಾವು, ಎಲ್ಲಾ ಆ ಸಾಲು ಬಿಟ್ಟಽ ಬರದದ್ದು. ಈಗ ನೀ ಅದನ್ನ ಸರಿ ಮಾಡಿದ್ರ ಅವೆಲ್ಲ ತಪ್ಪಾಗ್ತಾವು.'

ನಾನು ಲ್ಯಾಪ್‌ಟಾಪ್ ಮುಚ್ಚಿದೆ.